ಬಿಸಿಯಕ್ಕ ಕತ್ತರಿಸಿದ ಮೂರು ಗೇಣು ತಂತಿ

ಬೆಳಗಿನ ಐದು ಗಂಟೆ. ಪೆಟ್ರೋಲ್ ಬಂಕಿನ ಪಕ್ಕದ ಕಟ್ಟಡದ ಮೆಟ್ಟಿಲ ಕೆಳಗೆ, ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕಾದಷ್ಟು ಜಾಗದಲ್ಲಿ, ಒಂದು ಬಲ್ಬು ಉರಿಯುತ್ತಿದೆ. ಅದರ ಕೆಳಗೆ ಹೊಲಿಗೆ ಯಂತ್ರ. ಯಂತ್ರದ ಮಗ್ಗುಲಿಗೆ ಸ್ಟೂಲಿನ ಮೇಲೆ ಹಳೆಯ ಬೈಕಿನ ಬ್ಯಾಟರಿ. ಬ್ಯಾಟರಿಯಿಂದ ಹೊರಟ ಎರಡು ವೈರುಗಳು ಯಂತ್ರದ ಮುಂದೆ ಕೂತ ಹೆಂಗಸಿನ ಕಂಕುಳ ಕೆಳಗೆ ಹೋಗಿ ಮಾಯವಾಗುತ್ತವೆ. ಆಕೆ ತೊಟ್ಟಿರುವ ಜಾಕೆಟ್ಟು ಆಕೆಯದಲ್ಲ. ಭುಜ ನಾಲ್ಕು ಬೆರಳು ಜೋತಿದೆ, ಅಂಚು ಮೊಣಕಾಲು ಮುಟ್ಟುತ್ತಿದೆ. ಹಾಲಿನ ಕ್ಯಾನು ಸಾಗಿಸುವ ಆರಡಿ ಎತ್ತರದ ಸವಾರನಿಗೆಂದು ಹೊಲಿದದ್ದು ಅದು. ಅವನು ಬರುವಷ್ಟರಲ್ಲಿ ಅದನ್ನು ತೊಟ್ಟುಕೊಂಡೇ ಆಕೆ ಮುಂದಿನವರ ಜಾಕೆಟ್ಟಿಗೆ ಕತ್ತರಿ ಹಾಕುತ್ತಿದ್ದಾರೆ.

"ಅರ್ಧ ಗಂಟೆ ನಾನು ಹಾಕ್ಕೊಂಡು ಕೂತ್ಕೊಳ್ದೆ ಯಾವ ಜಾಕೆಟ್ಟೂ ಈ ಮೆಟ್ಟಿಲು ದಾಟಲ್ಲ. ಸುಟ್ರೆ ಮೊದಲು ನನ್ನನ್ನೇ ಸುಡ್ಲಿ" ಎನ್ನುತ್ತಾರೆ, ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿ ತೆಗೆಯದೆಯೇ.

ಸವಾರರು ಇವರನ್ನು ಕರೆಯುವುದು ಬಿಸಿಯಕ್ಕ ಎಂದು. ಅಂಗಡಿಗೆ ಬೋರ್ಡಿಲ್ಲ. ಬಂಕಿನಲ್ಲಿ ಗಾಳಿ ಹಾಕುವವನನ್ನು ಕೇಳಿದರೆ ಗದ್ದ ಎತ್ತಿ ಮೆಟ್ಟಿಲ ಕಡೆ ತೋರಿಸುತ್ತಾನೆ, ಅದೇ ಬೋರ್ಡು. ಬೈಕಿನ ಬ್ಯಾಟರಿಯಿಂದ ಬೆಚ್ಚಗಾಗುವ ತೋಳಿಲ್ಲದ ಜಾಕೆಟ್ಟು ಮತ್ತು ಕೈಗವಸು ಹೊಲಿಯುವುದು ಇವರ ಕಸುಬು. ಚಳಿಗಾಲದ ನಾಲ್ಕು ತಿಂಗಳು, ಇಬ್ಬನಿ ಸೀಟಿನ ಮೇಲೆ ಹೆಪ್ಪುಗಟ್ಟಿರುವ ಹೊತ್ತಿನಲ್ಲಿ, ಗಾಡಿ ಹತ್ತದೆ ಬೇರೆ ದಾರಿಯೇ ಇಲ್ಲದವರು ಇವರ ಗಿರಾಕಿಗಳು. ಹಾಲಿನವರು, ಪೇಪರಿನವರು, ಔಷಧಿ ಪೆಟ್ಟಿಗೆ ಮುಟ್ಟಿಸುವವರು, ಪಾಳಿ ಮುಗಿಸಿ ಸ್ಕೂಟರಿನಲ್ಲಿ ಮನೆಗೆ ಹೋಗುವ ನರ್ಸುಗಳು. ಇಂಥದ್ದೇ ಜಾಕೆಟ್ಟನ್ನು ದೊಡ್ಡ ರಸ್ತೆಯ ಗಾಜಿನ ಶೋರೂಮಿನಲ್ಲಿ ಗೊಂಬೆಗೆ ತೊಡಿಸಿ ನಿಲ್ಲಿಸಿದ್ದಾರೆ. ಅದರ ಬೆಲೆಗೆ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯೇ ಬರುತ್ತದೆ. ಬಿಸಿಯಕ್ಕನ ಜಾಕೆಟ್ಟಿಗೆ ಒಂದು ಜೊತೆ ಗಟ್ಟಿ ಬೂಟಿನ ಬೆಲೆ. ಗೊಂಬೆಗೆ ಚಳಿಯಾಗುವುದಿಲ್ಲ ಎಂಬುದು ಶೋರೂಮಿನವರಿಗೆ ಇನ್ನೂ ಗೊತ್ತಾದಂತಿಲ್ಲ.

ಹಾಲಿನವನು ಜಾಕೆಟ್ಟು ತೊಟ್ಟು ಹೊರಟ ಮೇಲೆ ಹೊಸ ಗಿರಾಕಿಯೊಬ್ಬರು ಬಗ್ಗಿ ಒಳಗೆ ಬರುತ್ತಾರೆ. ನಲವತ್ತೈದು ದಾಟಿದ ಮನುಷ್ಯ, ಬೇಕರಿಯಿಂದ ಅಂಗಡಿಗಳಿಗೆ ಬ್ರೆಡ್ಡು ಹಾಕುವವರು. ಗಾಡಿಯ ಹಿಂದೆ ಕಟ್ಟಿದ ಟ್ರೇಗಳಿಂದ ಬಿಸಿ ಬ್ರೆಡ್ಡಿನ ವಾಸನೆ ಮೆಟ್ಟಿಲ ಕೆಳಗೂ ಬರುತ್ತದೆ.

"ಗ್ಲೌಸ್ ಬೇಕಿತ್ತು ಅಕ್ಕ. ಬೆರಳು ಮರಗಟ್ಟಿ ಬ್ರೇಕ್ ಹಿಡಿಯೋಕೇ ಆಗ್ತಿಲ್ಲ."

ಬಿಸಿಯಕ್ಕ ಅಳತೆಯ ಟೇಪು ತೆಗೆಯುವುದಿಲ್ಲ. ಫ್ಲಾಸ್ಕಿನಿಂದ ಒಂದು ಲೋಟ ಚಹಾ ಬಗ್ಗಿಸಿ ಅವರ ಕೈಗಿಟ್ಟು, ಎರಡೂ ಅಂಗೈಯಲ್ಲಿ ಹಿಡಿದು ಕುಡಿಯಲು ಹೇಳುತ್ತಾರೆ. ಚಹಾ ಮುಗಿದು, ಬೆರಳುಗಳಿಗೆ ರಕ್ತ ಬಂದು ಕೆಂಪಾಗುವವರೆಗೆ ಕಾಯುತ್ತಾರೆ. ಆಮೇಲೆ ದಬ್ಬಣದ ಮೊಂಡು ತುದಿಯನ್ನು ಕೈಗೆ ತೆಗೆದುಕೊಳ್ಳುತ್ತಾರೆ.

"ಕಣ್ಣು ಮುಚ್ಚು ತಮ್ಮ."

"ಯಾಕಕ್ಕ?"

"ಮುಚ್ಚಪ್ಪ, ನಿನ್ನ ಕಣ್ಣು ಕಿತ್ಕೊಂಡು ನಾನೇನು ಗುಂಡಿ ಮಾಡ್ಕೊಳ್ಳಲ್ಲ. ಯಾವ ಬೆರಳು ಮುಟ್ತಿದ್ದೀನಿ ಹೇಳು."

ಬ್ರೆಡ್ಡಿನವರು ನಗುತ್ತಲೇ ಕಣ್ಣು ಮುಚ್ಚುತ್ತಾರೆ. ಹೆಬ್ಬೆರಳು, ಸರಿ. ತೋರುಬೆರಳು, ಸರಿ. ಉಂಗುರದ ಬೆರಳಿನ ತುದಿ ಮುಟ್ಟಿದರೆ ಮಧ್ಯದ ಬೆರಳು ಎನ್ನುತ್ತಾರೆ. ಕಿರುಬೆರಳು ಮುಟ್ಟಿದರೆ, "ಮುಟ್ಟಿ ಅಕ್ಕ" ಎಂದು ಕಾಯುತ್ತಾರೆ. ದಬ್ಬಣ ಆಗಲೇ ಅಲ್ಲಿದೆ. ಬಿಸಿಯಕ್ಕ ಇನ್ನೊಮ್ಮೆ, ಮತ್ತೊಮ್ಮೆ ಮುಟ್ಟಿ ನೋಡಿ ದಬ್ಬಣವನ್ನು ಡಬ್ಬಿಗೆ ಹಾಕುತ್ತಾರೆ.

"ನಿನಗೆ ನಾನು ಗ್ಲೌಸ್ ಹೊಲಿಯಲ್ಲ. ರಕ್ತ ಪರೀಕ್ಷೆ ಮಾಡಿಸ್ಕೊ. ಸಕ್ಕರೆ ಎಷ್ಟಿದೆ ನೋಡು. ಆಮೇಲೆ ಬಾ."

"ಇದೇನು ಬಟ್ಟೆ ಹೊಲಿಯೋ ಅಂಗಡಿನೋ ಆಸ್ಪತ್ರೆನೋ?" ಎಂದು ಬ್ರೆಡ್ಡಿನವರು ಮುಖ ಗಂಟು ಹಾಕಿಕೊಂಡು ಗಾಡಿ ಒದ್ದು ಹೊರಡುತ್ತಾರೆ. ಅವರ ಸಿಟ್ಟಿಗೂ ಕಾರಣವಿದೆ. ನಾಳೆ ಬೆಳಿಗ್ಗೆಯೂ ಅದೇ ಚಳಿ, ಅದೇ ಬ್ರೇಕು.

"ಇವರು ನಲವತ್ತೊಂದನೆಯವರು" ಎನ್ನುತ್ತಾರೆ ಬಿಸಿಯಕ್ಕ. ಒಂಬತ್ತು ವರ್ಷಗಳಲ್ಲಿ ಇವರು ಹೊಲಿದ ಜಾಕೆಟ್ಟುಗಳು ಆರುನೂರು ದಾಟಿವೆ, ಕೈಗವಸುಗಳು ಇನ್ನೂರು ಜೊತೆ. ಆ ಲೆಕ್ಕವನ್ನು ಕೇಳಿದರೆ ಅಂದಾಜಿನಲ್ಲಿ ಹೇಳುತ್ತಾರೆ. ಹೊಲಿಯದೆ ವಾಪಸು ಕಳಿಸಿದವರ ಲೆಕ್ಕ ಮಾತ್ರ ಬಾಯಿಪಾಠ.

ಕೆಲಸ ಹೊರಗಿನಿಂದ ನೋಡಲು ಸುಲಭ. ಒಳಗಿನ ಅಸ್ತರಿನ ಮೇಲೆ ಬಿಸಿಯಾಗುವ ತಂತಿಯನ್ನು ಹಾವಿನ ನಡೆಯಲ್ಲಿ ಹರಡಿ, ಎರಡು ಇಂಚಿಗೊಂದು ಟಾಕು ಹಾಕಿ, ಮೇಲೆ ಇನ್ನೊಂದು ಬಟ್ಟೆ ಮುಚ್ಚಬೇಕು. ತಂತಿಯ ಮೇಲೆ ತಂತಿ ಹಾಯಬಾರದು. ಬೆನ್ನಿಗೆ ಚೀಲ ಹಾಕುವವರಾದರೆ ಪಟ್ಟಿ ಒತ್ತುವ ಕಡೆ ತಂತಿ ಇರಬಾರದು. ಎದೆಯ ಹತ್ತಿರ ಸ್ವಿಚ್ಚು, ಸೀಟಿನ ಕೆಳಗಿನ ಬ್ಯಾಟರಿಗೆ ಹೋಗುವ ವೈರಿನಲ್ಲಿ ಫ್ಯೂಸು, ಬಿಸಿ ಮೀರಿದರೆ ತಾನಾಗಿ ಆರಿಹೋಗುವ ಕಡಲೆಕಾಳಿನಷ್ಟು ದೊಡ್ಡ ಒಂದು ಬಿಡಿಭಾಗ. ದಿನಕ್ಕೆ ಎರಡು ಜಾಕೆಟ್ಟು ಮುಗಿದರೆ ಹೆಚ್ಚು. ಕೈಗವಸಿಗೆ ಒಂದೂವರೆ ದಿನ ಬೇಕು, ಯಾಕೆಂದರೆ ಐದೂ ಬೆರಳಿನ ಬೆನ್ನಿಗೆ ತಂತಿ ಹೋಗಿ ತಿರುಗಿ ಬರಬೇಕು.

ಇದರಲ್ಲಿ ಒಂದು ವಿಚಿತ್ರವಿದೆ. ಬಟ್ಟೆಯ ಕೆಲಸದವರಿಗೆ ಅದು ತಲೆಗೆ ಹತ್ತುವುದು ನಿಧಾನ. ತಂತಿ ಉದ್ದವಿದ್ದಷ್ಟೂ ಬಿಸಿ ಕಡಿಮೆ. ಗಿಡ್ಡವಾದಷ್ಟೂ ಬಿಸಿ ಹೆಚ್ಚು.

"ನಾನು ಟೈಲರ್ ಅಲ್ವಾ, ಹೊಲಿದ ಮೇಲೆ ಉಳಿದ ದಾರ ಕತ್ತರಿಸೋದು ಕೈಗೆ ಅಭ್ಯಾಸ. ಮೊದಲನೇ ಜಾಕೆಟ್ಟಲ್ಲಿ ಉಳಿದ ತಂತಿನೂ ಹಾಗೇ ಚಕ್ಕಂತ ಕತ್ತರಿಸಿಬಿಟ್ಟೆ. ಹಾಕ್ಕೊಂಡು ನೋಡಿದ್ರೆ ಬೆನ್ನು ಚುರುಚುರು ಅಂತಿದೆ. ನನ್ನ ತಮ್ಮ ಬಿದ್ದು ಬಿದ್ದು ನಕ್ಕ. ಅಕ್ಕ, ಬಟ್ಟೆ ಕಡಿಮೆ ಆದ್ರೆ ಚಳಿ, ತಂತಿ ಕಡಿಮೆ ಆದ್ರೆ ಬೆಂಕಿ ಅಂದ. ಅವತ್ತು ನನಗೂ ನಗು ಬಂತು."

ತಮ್ಮ ಎಂದರೆ ಕಟ್ಟಡದ ಹಿಂದಿನ ಗ್ಯಾರೇಜಿನ ಮೆಕ್ಯಾನಿಕ್. ವೈರು, ಬ್ಯಾಟರಿ, ಫ್ಯೂಸಿನ ವಿದ್ಯೆಯನ್ನು ಅಕ್ಕನಿಗೆ ಕಲಿಸಿದವನು ಅವನೇ. ಆ ನಗುವಿನ ವಿಷಯ ಎತ್ತಿದರೆ ಅವನು ಸ್ಪ್ಯಾನರು ಒರೆಸಲು ಶುರು ಮಾಡುತ್ತಾನೆ.

ಬಿಸಿಯಕ್ಕನ ಅಪ್ಪ ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದವರು. ಹತ್ತು ವರ್ಷದ ಹುಡುಗಿ ಕಾಜ ಹಾಕುವುದರಿಂದ ಶುರು ಮಾಡಿ, ಹದಿನಾರಕ್ಕೆ ಯಂತ್ರದ ಮುಂದೆ ಕೂತಳು. ಮದುವೆಯಾದದ್ದು ಪೇಪರ್ ಸಾಗಿಸುವವರನ್ನು. ಅಚ್ಚಿನ ಮನೆಯಿಂದ ಕಟ್ಟುಗಳನ್ನು ಬೈಕಿಗೆ ಬಿಗಿದು, ಬೆಟ್ಟದ ರಸ್ತೆಯಲ್ಲಿ ಎರಡು ಗಂಟೆ ಹತ್ತಿ, ಹನ್ನೊಂದು ಊರುಗಳಿಗೆ ಬೆಳಕು ಹರಿಯುವ ಮುನ್ನ ಪೇಪರ್ ಮುಟ್ಟಿಸುವುದು ಅವರ ಕೆಲಸ. ಹದಿನೆಂಟು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಮೂಗಿನ ತುದಿಯಲ್ಲೇ ಕೋಪ. ಕಟ್ಟು ತಡವಾದರೆ ಅಚ್ಚಿನವರಿಗೆ ಬೈಗುಳ, ಗಾಡಿ ಕೆಮ್ಮಿದರೆ ಭಾವಮೈದನಿಗೆ ಬೈಗುಳ, ಮನೆಗೆ ಬಂದರೆ ಹೆಂಡತಿಗೆ.

"ದಿನಾ ಜಗಳ" ಎಂದು ಬಿಸಿಯಕ್ಕ ನಗುತ್ತಾರೆ. "ಉಪ್ಪು ಕಡಿಮೆ, ಉಪ್ಪು ಜಾಸ್ತಿ, ಟವೆಲ್ ಎಲ್ಲಿಟ್ಟೆ, ಕಿಟಕಿ ಯಾಕೆ ತೆಗೆದೆ. ನಾನೇನು ಕಡಿಮೆನಾ, ಒಂದಕ್ಕೆ ಎರಡು ತಿರುಗಿಸಿ ಕೊಡ್ತಿದ್ದೆ. ಪಕ್ಕದ ಮನೆಯವರು ಗಡಿಯಾರ ನೋಡ್ತಿರ್ಲಿಲ್ಲ, ನಮ್ಮ ಜಗಳ ಕೇಳಿ ಏಳು ಗಂಟೆ ಆಯ್ತು ಅಂತಿದ್ರು."

ಬಿಸಿ ಜಾಕೆಟ್ಟಿನ ಯೋಚನೆ ಬಂದದ್ದು ಆ ಬೈಗುಳದಿಂದಲೇ. ಒಂದು ಚಳಿಗಾಲದ ಬೆಳಿಗ್ಗೆ ಗಂಡ ಮನೆಗೆ ಬಂದು, ಹಲ್ಲು ಕಟಕಟ ಎನ್ನುತ್ತಿರುವಾಗಲೇ, ಪೇಪರಿನ ಜಾಹೀರಾತಿನಲ್ಲಿ ಕಂಡ ಜಾಕೆಟ್ಟಿನ ಬೆಲೆಯನ್ನು ಬೈದರು. ಆಕೆ ಜಾಹೀರಾತನ್ನು ಕತ್ತರಿಸಿ ಇಟ್ಟುಕೊಂಡರು. ಒಳಗೆ ತಂತಿ, ಹೊರಗೆ ಬಟ್ಟೆ, ಇಷ್ಟೇ ತಾನೆ ಎಂದು ತಮ್ಮನನ್ನು ಕೇಳಿದರು. ಹದಿನೈದು ದಿನದಲ್ಲಿ ಗಂಡನಿಗೆ ಜಾಕೆಟ್ಟು ಸಿದ್ಧವಾಯಿತು. ತಿಂಗಳೊಳಗೆ ಅಚ್ಚಿನ ಮನೆಯ ಮುಂದೆ ಕಾಯುವ ಆರೇಳು ಸವಾರರು ತಮಗೂ ಒಂದೊಂದು ಬೇಕೆಂದು ಬಂದರು. ಮರುವರ್ಷ ಗಂಡ ಹೊಸ ರಾಗ ತೆಗೆದರು. ಬೆನ್ನು ಬೆಚ್ಚಗಿದೆ, ಪಾದ ಮಾತ್ರ ಮಂಜುಗಡ್ಡೆ. ಕಾಲುಚೀಲ ಹೊಲಿ.

ಇಲ್ಲಿಂದ ಮುಂದೆ ಹೇಳುವಾಗ ಬಿಸಿಯಕ್ಕ ಯಂತ್ರ ನಿಲ್ಲಿಸುತ್ತಾರೆ. ಮಿಕ್ಕ ಮಾತನ್ನೆಲ್ಲ ಹೊಲಿಯುತ್ತ ಹೊಲಿಯುತ್ತ ಹೇಳಿದವರು, ಇದನ್ನು ಕೈಯನ್ನು ಮಡಿಲಲ್ಲಿಟ್ಟುಕೊಂಡು ಹೇಳುತ್ತಾರೆ.

"ಒಂದೊಂದು ಸಾಕ್ಸಿಗೂ ಏಳಡಿ ತಂತಿ ಹಾಕಿದ್ದೆ. ನಾನು ಕೈ ಇಟ್ಟು ನೋಡಿದೆ, ಚೆನ್ನಾಗಿತ್ತು. ಇವರು ಹಾಕ್ಕೊಂಡು ಹೋಗಿ ಬಂದು, ಏನೂ ಬಿಸಿ ಇಲ್ಲ, ನಿನ್ನ ಕೈಲಿ ಇದಾಗಲ್ಲ ಬಿಡು ಅಂದ್ರು. ನನಗೆ ರೋಷ ಬಂತು. ಒಂದು ಗೇಣು ಕತ್ತರಿಸಿದೆ. ಮಾರನೇ ದಿನ ಇನ್ನೂ ಇಲ್ಲ ಅಂದ್ರು. ಇನ್ನೊಂದು ಗೇಣು ಕತ್ತರಿಸಿದೆ. ಮೂರನೇ ದಿನ, ಈಗಲೂ ತಣ್ಣಗೇ ಇದೆ ಅಂದ್ರು. ನಾನು ಕೈ ಇಟ್ಟು ನೋಡ್ಲೇ ಇಲ್ಲ. ಕೋಪದಲ್ಲಿ ಮೂರನೇ ಗೇಣೂ ಕತ್ತರಿಸಿಬಿಟ್ಟೆ."

ನಾಲ್ಕನೆಯ ದಿನ ಅವರು ಎಂದಿನಂತೆ ಹನ್ನೊಂದು ಊರು ಸುತ್ತಿ ಬಂದರು. ಬಾಗಿಲಲ್ಲಿ ಕೂತು ಬೂಟು ಬಿಚ್ಚಿದಾಗ ಮೊದಲು ಬಂದದ್ದು ವಾಸನೆ. ಬಲಗಾಲಿನ ಅಂಗಾಲು ಉದ್ದಕ್ಕೂ ಬೊಬ್ಬೆ ಎದ್ದು ಒಡೆದಿತ್ತು. ಅವರು ಅದನ್ನು ಬೇರೆಯವರ ಕಾಲೇನೋ ಎಂಬಂತೆ ನೋಡಿದರು. ಗೊತ್ತೇ ಆಗಲಿಲ್ಲವಲ್ಲ ಎಂದಷ್ಟೇ ಹೇಳಿದರು. ಎಡಗಾಲಿನ ಬೂಟಿಗೆ ತೂತು ಬಿದ್ದಿತ್ತು. ಗಾಳಿ ನುಗ್ಗಿ ಆ ಕಾಲು ಸಣ್ಣ ಗಾಯದಲ್ಲಿ ಉಳಿಯಿತು. ಹೊಸ ಬೂಟು ತಂದುಕೊಳ್ಳಿ ಎಂದು ಆಕೆ ವರ್ಷವಿಡೀ ಗೋಗರೆದಿದ್ದರು. ಅವರು ತಂದುಕೊಳ್ಳದೇ ಇದ್ದದ್ದೇ ಒಳ್ಳೆಯದಾಯಿತು.

ಆಸ್ಪತ್ರೆಯಲ್ಲಿ ತಿಳಿಯಿತು, ಸಕ್ಕರೆ ಕಾಯಿಲೆ ವರ್ಷಗಳಿಂದ ಒಳಗೊಳಗೇ ಕೂತಿತ್ತು, ಪಾದದ ನರಗಳು ಸತ್ತಿದ್ದವು. ಬಿಸಿ ಇಲ್ಲ ಎಂದು ಅವರು ಹೇಳಿದ್ದು ನಿಜ. ಅವರಿಗೆ ಇರಲಿಲ್ಲ. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಅರ್ಧ ಪಾದ. ಮೂರು ತಿಂಗಳಾದ ಮೇಲೆ ಮೊಣಕಾಲಿನ ಕೆಳಗೆ ಒಂದು ಗೇಣು ಉಳಿಸಿ ಮಿಕ್ಕದ್ದನ್ನು ತೆಗೆದರು.

"ಮುಂಚೆನೇ ಗೊತ್ತಾಗಬೇಕಿತ್ತು ನನಗೆ. ದಾರಿಯಲ್ಲಿ ಚಪ್ಪಲಿ ಕಳಚಿ ಬಿದ್ರೂ ಇವರಿಗೆ ತಿಳೀತಿರ್ಲಿಲ್ಲ. ಒಂದು ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಮನೆಗೆ ಬರ್ತಿದ್ರು. ನಾವು ಅದನ್ನ ಮರೆವು ಅಂತ ತಮಾಷೆ ಮಾಡ್ತಿದ್ವಿ."

ಆ ವರ್ಷದ ಚಳಿಗಾಲವೆಲ್ಲ ಯಂತ್ರಕ್ಕೆ ಬಟ್ಟೆ ಮುಚ್ಚಿತ್ತು. ಮತ್ತೆ ಅದರ ಮುಂದೆ ಕೂತದ್ದು ಹೊಟ್ಟೆಪಾಡಿಗೆ. ಕೂತ ದಿನವೇ ದಬ್ಬಣದ ಪರೀಕ್ಷೆ ಶುರುವಾಯಿತು, ತಾನಾಗಿ ಆರುವ ಆ ಬಿಡಿಭಾಗ ಬಂತು, ತಾನು ತೊಡದೆ ಕೊಡುವುದಿಲ್ಲ ಎಂಬ ಹಟ ಬಂತು. ತಂತಿಯನ್ನು ಮೂರು ಸಲ ಅಳೆಯುತ್ತಾರೆ. ಅಳೆದ ಮೇಲೆ ಕತ್ತರಿಯನ್ನು ಡ್ರಾಯರಿನೊಳಗೆ ಇಟ್ಟು ಮುಚ್ಚುತ್ತಾರೆ. ಕಾಲುಚೀಲ ಮಾತ್ರ ಇಲ್ಲ. ಎಷ್ಟು ಜನ ಬಂದು ಅಂಗಲಾಚಿದರೂ ಇಲ್ಲ. ಉಣ್ಣೆಯದು ಎರಡು ಜೊತೆ ಹಾಕ್ಕೊಳ್ಳಿ, ಒಳಗೆ ಪೇಪರ್ ಸುತ್ಕೊಳ್ಳಿ ಎಂದು ಕಳಿಸುತ್ತಾರೆ.

ಬ್ರೆಡ್ಡಿನವರು ಒಂಬತ್ತನೆಯ ದಿನ ತಿರುಗಿ ಬರುತ್ತಾರೆ. ಈ ಸಲ ಗಾಡಿಯ ಸದ್ದು ಕೂಡ ಮೆತ್ತಗಿದೆ. "ಮುನ್ನೂರ ಹತ್ತು ಇದೆಯಂತೆ ಅಕ್ಕ" ಎಂದು ಚೀಟಿ ಚಾಚುತ್ತಾರೆ. ಬಿಸಿಯಕ್ಕ ಚೀಟಿ ನೋಡುವುದಿಲ್ಲ, ಅವರ ಮುಖ ನೋಡುತ್ತಾರೆ. ಹಳೆಯ ರೈನ್‌ಕೋಟಿನ ಬಟ್ಟೆಗೆ ಉಣ್ಣೆಯ ಅಸ್ತರು ಕೊಟ್ಟು, ಹ್ಯಾಂಡಲಿಗೇ ತೊಡಿಸುವ ಎರಡು ದೊಡ್ಡ ಗವುಸುಗಳನ್ನು ಆಗಲೇ ಹೊಲಿದು ಇಟ್ಟಿದ್ದಾರೆ. ಅದರಲ್ಲಿ ತಂತಿ ಇಲ್ಲ. ಗಾಳಿ ತಡೆಯುತ್ತದೆ, ಅಷ್ಟೇ. ತಾವೇ ಹೊರಗೆ ಹೋಗಿ ಗಾಡಿಗೆ ಕಟ್ಟಿಕೊಡುತ್ತಾರೆ. "ದಿನಾ ಬೂಟು ಬಿಚ್ಚಿದ ಮೇಲೆ ಅಂಗಾಲು ನೋಡ್ಕೊ. ನಿನಗೆ ಕಾಣದೇ ಇದ್ರೆ ಮನೆಯವರ ಹತ್ರ ತೋರಿಸು. ನಾಚ್ಕೋಬೇಡ."

ಬಿಸಿಯಕ್ಕನ ಮನೆ ಅದೇ ಕಟ್ಟಡದ ಹಿಂಭಾಗದಲ್ಲಿ, ನೆಲಮಟ್ಟದ ಎರಡು ಕೋಣೆ. ಮೆಟ್ಟಿಲು ಹತ್ತಲಾರದವರಿಗಾಗಿ ಹುಡುಕಿದ ಮನೆ. ಕಿಟಕಿಯ ಪಕ್ಕ ಕೈಯಿರುವ ಕುರ್ಚಿ, ಕುರ್ಚಿಗೆ ಒರಗಿಸಿದ ಎರಡು ಊರುಗೋಲು, ಮುಂದೆ ಒಂದು ಸ್ಟೂಲು. ಅಲ್ಲಿ ಕೂತ ಯಜಮಾನರಿಗೆ ಈಗ ಅರವತ್ತೆರಡು. ಇವರ ಬಗ್ಗೆ ಬರೆಯಲು ಬಂದವರದು ಯಾವ ಪತ್ರಿಕೆ ಎಂದು ಕೇಳಿ ತಿಳಿದುಕೊಂಡು, "ನಿಮ್ಮ ಪುರವಣಿ ಹದಿನೆಂಟು ವರ್ಷ ಹೊತ್ತಿದ್ದೀನಿ ಸ್ವಾಮಿ. ಭಾನುವಾರ ಕಟ್ಟು ಭಾರ ಆಗ್ತಿತ್ತು ಅಂತ ಗೊತ್ತು. ಒಳಗೆ ಏನಿರುತ್ತೆ ಅಂತ ಈಗ ನೋಡ್ತಿದ್ದೀನಿ. ಅಷ್ಟು ಭಾರ ಇರಬೇಕಾದ್ದೇನೂ ಇಲ್ಲ" ಎನ್ನುತ್ತಾರೆ.

ಅವರ ಕೋಪಕ್ಕೆ ವಯಸ್ಸಾಗಿಲ್ಲ. ಆ ಬೆಳಿಗ್ಗೆ ಒಂದು ಗಂಟೆಯೊಳಗೆ ರೇಡಿಯೋದವರಿಗೆ, ಬೀದಿಯಲ್ಲಿ ಹಾರ್ನ್ ಹೊಡೆದ ಲಾರಿಗೆ, ತನ್ನ ಊರುಗೋಲಿನ ರಬ್ಬರಿಗೆ, ಬಾಗಿಲ ಕೀಲಿಗೆ ಎಣ್ಣೆ ಹಾಕಲು ಬಂದ ಭಾವಮೈದನಿಗೆ ಬೈದರು. ಹೆಂಡತಿ ಚಹಾ ತಂದಿಟ್ಟರು. ಚಹಾ ಆರಿತ್ತು. ಸಕ್ಕರೆ ಬೆರೆಸಬಾರದವರ ಚಹಾಕ್ಕೆ ಅಭ್ಯಾಸಬಲದಿಂದ ಸಕ್ಕರೆ ಬಿದ್ದಿತ್ತು. ಅವರು ಒಂದು ಗುಟುಕು ಕುಡಿದು ಲೋಟವನ್ನು ಸದ್ದಿಲ್ಲದೆ ಕಿಟಕಿಯ ಮೇಲಿಟ್ಟರು. ಮುಖ ಆಚೆ ತಿರುಗಿಸಿಕೊಂಡರು.

"ನೋಡಿದ್ರಾ?" ಎಂದು ತಮ್ಮ ಆಮೇಲೆ ಗ್ಯಾರೇಜಿನಲ್ಲಿ ಹೇಳುತ್ತಾನೆ. "ಭಾವ ನನಗೆ ಬೈತಾರೆ, ದೇವರಿಗೂ ಬೈತಾರೆ. ಅಕ್ಕನಿಗೆ ಮಾತ್ರ ಎಂಟು ವರ್ಷದಿಂದ ಒಂದೇ ಒಂದು ಮಾತು ಅಂದಿಲ್ಲ. ಅಕ್ಕ ಬೇಕಂತಲೇ ಉಪ್ಪು ಹಾಕದೆ ಅಡುಗೆ ಮಾಡಿ ನೋಡಿದ್ದಾಳೆ. ಸುಮ್ಮನೆ ತಿಂದು ಎದ್ದುಹೋದ್ರು. ಅವತ್ತು ಅಕ್ಕ ಇಲ್ಲಿ ಬಂದು, ಆ ಟೈರಿನ ಮೇಲೆ ಕೂತು ಅತ್ತಳು."

ಕಾಲು ಹೋದದ್ದು ದೊಡ್ಡ ದುಃಖ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಮನೆಯಲ್ಲಿ ಒಂದು ಗಂಟೆ ಕೂತವರಿಗೆ ಬೇರೆಯದೂ ಕಾಣುತ್ತದೆ. ಹಿಂದೆ ಪಕ್ಕದ ಮನೆಯವರಿಗೆ ಗಡಿಯಾರವಾಗಿದ್ದ ಜಗಳ ಈಗ ಇಲ್ಲ. ಗಂಡ ಹೆಂಡತಿಯ ಮುಂದೆ ನೆಂಟರ ಹಾಗೆ ಇರುತ್ತಾರೆ. ಬೇಕಾದ್ದನ್ನು ಕೇಳುವುದಿಲ್ಲ, ಬೇಡವಾದ್ದನ್ನು ಬೇಡ ಎನ್ನುವುದಿಲ್ಲ. ಆಕೆಯ ಪಾಲಿಗೆ ಇದು ಶಿಕ್ಷೆ. ಅವರ ಪಾಲಿಗೆ ಏನೆಂದು ಕೇಳಲು ಹೋದರೆ ಅವರು ರೇಡಿಯೋ ಜೋರು ಮಾಡುತ್ತಾರೆ.

"ಮನಸ್ಸಲ್ಲಿ ಇದ್ದೇ ಇರುತ್ತೆ ಅಲ್ವಾ?" ಎಂದು ಬಿಸಿಯಕ್ಕ ಕೇಳುತ್ತಾರೆ, ಯಾರನ್ನು ಎಂದು ತಿಳಿಯದಂತೆ. "ನನ್ನ ಹೆಂಡತಿನೇ ನನ್ನ ಕಾಲು ಸುಟ್ಟಳು ಅಂತ ಒಂದು ಸಲ ಬಾಯಿಬಿಟ್ಟು ಅಂದ್ಬಿಟ್ರೆ, ನಾನೂ ಏನಾದ್ರೂ ಅನ್ಬಹುದು. ಬಿಸಿ ಇಲ್ಲ ಇಲ್ಲ ಅಂತ ನೀವೇ ಅಲ್ವಾ ಹೇಳಿದ್ದು ಅನ್ಬಹುದು. ಇಲ್ಲಾ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ಬಹುದು. ಅವರು ಏನೂ ಅನ್ನಲ್ಲ. ಬೈಯ್ದೇ ಇರೋರ ಹತ್ರ ಹೇಗೆ ಕ್ಷಮೆ ಕೇಳೋದು?"

ಎರಡು ಚಳಿಗಾಲಗಳ ಹಿಂದೆ ಹೊಸದೊಂದು ಶುರುವಾಗಿದೆ. ಇಲ್ಲದ ಬಲಗಾಲು ತಣ್ಣಗಾಗುತ್ತದೆ. ಇದ್ದಾಗ ಸುಟ್ಟರೂ ತಿಳಿಯದಿದ್ದ ಪಾದ, ಹೋದ ಮೇಲೆ ಮಂಜಿನಲ್ಲಿ ನಿಂತ ಹಾಗೆ ಸೆಟೆಯುತ್ತದೆ. ಡಾಕ್ಟರು ಇದು ಅನೇಕರಿಗೆ ಆಗುತ್ತದೆ, ಕಾಲು ಹೋದರೂ ತಲೆಯೊಳಗೆ ಅದರ ನೆನಪು ಹೋಗಿರುವುದಿಲ್ಲ ಎಂದರು. ಮಾತ್ರೆ ಕೊಟ್ಟರು. ಮಾತ್ರೆಯಿಂದ ನಿದ್ದೆ ಬಂತು, ಕಾಲು ಬೆಚ್ಚಗಾಗಲಿಲ್ಲ. ಯಜಮಾನರು ಇದನ್ನೂ ಹೆಂಡತಿಗೆ ಹೇಳಿರಲಿಲ್ಲ, ಡಾಕ್ಟರಿಗೆ ಹೇಳುವಾಗ ಆಕೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಅಂದಿನಿಂದ ಸ್ಟೂಲಿನ ಮೇಲೆ, ಪಾದ ಇರಬೇಕಾಗಿದ್ದ ಕಡೆ, ಒಂದು ಕಂಬಳಿ ಮಡಿಸಿ ಹೊದಿಸುತ್ತಾರೆ. ನೋಡಿದವರು ಖಾಲಿ ಸ್ಟೂಲಿಗೆ ಕಂಬಳಿ ಯಾಕೆ ಎನ್ನುತ್ತಾರೆ. ಊರಿನ ಸವಾರರನ್ನೆಲ್ಲ ಬೆಚ್ಚಗಿಟ್ಟ ಹೆಂಗಸಿನ ಮನೆಯಲ್ಲಿ ಒಬ್ಬರಿಗೆ ಮಾತ್ರ ಚಳಿ, ಆ ಚಳಿಗೆ ತೊಡಿಸಲು ಕಾಲಿಲ್ಲ.

ಹೋದ ವಾರ, ಮಧ್ಯಾಹ್ನದ ಊಟವಾದ ಮೇಲೆ, ಯಜಮಾನರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು. "ಊರಿಗೆಲ್ಲ ಹೊಲಿತೀಯಲ್ಲ. ಆ ಕಾಲಿಗೂ ಒಂದು ಸಾಕ್ಸ್ ಹೊಲಿದುಕೊಡು."

ಬಿಸಿಯಕ್ಕನಿಗೆ ಯಾವ ಕಾಲಿಗೆ ಎಂದು ಕೇಳುವ ಧೈರ್ಯವಿರಲಿಲ್ಲ. ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಎರಡು ದಿನ ಆ ಮಾತೇ ಬಂದಿಲ್ಲವೆಂಬಂತೆ ಇದ್ದರು. ಮೂರನೆಯ ದಿನ ಅಂಗಡಿಯಲ್ಲಿ ತೆಳು ತಂತಿಯ ಸುರುಳಿ ಕೆಳಗಿಳಿಸಿದರು.

ಎಂಟು ವರ್ಷದ ನಂತರದ ಮೊದಲ ಕಾಲುಚೀಲ. ಒಂದೇ ಒಂದು, ಬಲಗಾಲಿನದು. ಏಳಡಿ ಸಾಕಿದ್ದಲ್ಲಿ ಹನ್ನೊಂದಡಿ ತಂತಿ ಹಾಕಿದರು. ಅದು ಕಾಯುವುದಿಲ್ಲ, ತಣ್ಣಗಿರುವುದು ನಿಲ್ಲುತ್ತದೆ ಅಷ್ಟೇ ಎಂದು ತಮ್ಮ ಹೇಳಿದ. ಇರಲಿ ಎಂದರು. ಐದು ಸಲ ಅಳೆದರು. ಒಂದು ಇಡೀ ದಿನ ಅದನ್ನು ಬ್ಯಾಟರಿಗೆ ಹಚ್ಚಿ ಎಡಗೈಗೆ ತೊಟ್ಟುಕೊಂಡು, ಬಲಗೈಯಲ್ಲಿ ಬೇರೆ ಕೆಲಸ ಮಾಡಿದರು. ಜಾಕೆಟ್ಟಿಗೆ ಬಂದವರು ಕೈಗೆ ಕಾಲುಚೀಲ ಹಾಕಿದ್ದನ್ನು ನೋಡಿ ನಕ್ಕರೆ, ಆಕೆಯೂ ನಕ್ಕರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಿಸಿಲು ಕಿಟಕಿಗೆ ಬಂದಿತ್ತು. ಕಾಲುಚೀಲದೊಳಗೆ ಹತ್ತಿ ತುಂಬಿ ಪಾದದ ಆಕಾರ ಕೊಟ್ಟು, ಆಕೆ ಸ್ಟೂಲಿನ ಮುಂದೆ ನೆಲದ ಮೇಲೆ ಕೂತರು. ಎಲ್ಲಿಡಬೇಕೆಂದು ಗೊತ್ತಿರಲಿಲ್ಲ.

"ಇನ್ನೂ ಸ್ವಲ್ಪ ಈಚೆ. ಅಷ್ಟಲ್ಲ" ಎಂದರು ಯಜಮಾನರು. "ಬೆರಳು ಗೋಡೆ ಕಡೆಗೆ ತಿರುಗಿದೆ. ಹಾಂ. ಅಲ್ಲೇ."

ಅಲ್ಲಿ ಏನೂ ಇರಲಿಲ್ಲ, ಗಾಳಿ ಮತ್ತು ಬಿಸಿಲು. ಆಕೆ ಕಾಲುಚೀಲವನ್ನು ಅಲ್ಲಿಟ್ಟು ಸ್ವಿಚ್ಚು ಹಾಕಿದರು. ಕೆಳಗೆ ತನ್ನ ಅಂಗೈ ಇಟ್ಟು, ಅದರ ಮೇಲೆ ಕಾಲುಚೀಲ ಬರುವಂತೆ ಹಿಡಿದುಕೊಂಡರು. ಎರಡು ನಿಮಿಷ, ಐದು ನಿಮಿಷ. ಅಂಗೈಗೆ ಬಂದದ್ದು ಬೆಕ್ಕಿನ ಮೈಯಷ್ಟು ಬಿಸಿ. ತಲೆ ಎತ್ತಿ ಗಂಡನ ಮುಖ ನೋಡಲು ಆಗಲಿಲ್ಲ. ನೆಲ ನೋಡುತ್ತಲೇ ಕೇಳಿದರು.

"ತಾಗ್ತಿದೆಯಾ?"

ಗ್ಯಾರೇಜಿನಲ್ಲಿ ಯಾವುದೋ ಗಾಡಿ ಚಾಲೂ ಆಗಿ ನಿಂತಿತು. ಆಮೇಲೆ ಕುರ್ಚಿಯ ಕೈಯನ್ನು ಬಡಿದ ಸದ್ದು.

"ತಾಗೋದೇನು, ಸುಡ್ತಿದೆ ಕಣೇ. ಬುದ್ಧಿ ಎಲ್ಲಿಟ್ಟಿದ್ದೀಯ? ಕಾಲಿಗೆ ಹಾಕೋ ಮುಂಚೆ ಕೈ ಇಟ್ಟು ನೋಡಬಾರ್ದಾ? ಕತ್ತರಿ ಕೈಗೆ ಬಂದ್ರೆ ಕತ್ತರಿಸೋದೊಂದೇ ಗೊತ್ತು ನಿನಗೆ. ಬಿಸಿ ಇಲ್ಲ ಅಂತ ಯಾವನೋ ಮೂರ್ಖ ಹೇಳ್ದ ಅಂತ ಹಿಂದೆ ಮುಂದೆ ನೋಡದೆ ಕತ್ತರಿಸ್ತೀಯಾ? ತೆಗಿ. ತೆಗಿ ಅಂತಿದ್ದೀನಿ ಅಲ್ವಾ?"

ಆಕೆ ಸ್ವಿಚ್ಚು ಆರಿಸಿದರು. ಕಾಲುಚೀಲವನ್ನು ತೆಗೆದು ಎದೆಗೆ ಒತ್ತಿಕೊಂಡರು. ಅದು ಅಷ್ಟರಲ್ಲೇ ತಣ್ಣಗಾಗಿತ್ತು. ಯಜಮಾನರ ದನಿ ನಿಲ್ಲಲಿಲ್ಲ. ಎಂಟು ವರ್ಷದ್ದು ಒಂದೇ ಸಲ ಬಂತು. ತೂತುಬಿದ್ದ ಬೂಟಿನಿಂದ ಶುರುವಾಗಿ ಸಕ್ಕರೆ ಹಾಕಿದ ಚಹಾದವರೆಗೆ, ಒಂದನ್ನೂ ಬಿಡಲಿಲ್ಲ. ಆಕೆ ಸ್ಟೂಲಿನ ಅಂಚಿಗೆ ಹಣೆ ಇಟ್ಟು ಅತ್ತರು. ಸ್ವಲ್ಪ ಹೊತ್ತಿನ ಮೇಲೆ, ಬೈಯುತ್ತಲೇ, ಅವರ ಕೈ ಆಕೆಯ ತಲೆಯ ಮೇಲೆ ಬಂತು.

ಆ ಕಾಲಿಗೆ ನಿಜಕ್ಕೂ ಸುಟ್ಟಿತೇ, ಇಲ್ಲ ಅವರು ಬೇಕೆಂದೇ ಹಾಗೆ ಹೇಳಿದರೇ ಎಂದು ಬಿಸಿಯಕ್ಕ ಕೇಳಿಲ್ಲ. ಕೇಳುವುದೂ ಇಲ್ಲವಂತೆ. ಸೋಮವಾರ ಬೆಳಗಿನ ಐದಕ್ಕೆ ಅವರು ಮೆಟ್ಟಿಲ ಕೆಳಗಿದ್ದಾರೆ. ಕಣ್ಣು ಊದಿಕೊಂಡಿದೆ. ನರ್ಸೊಬ್ಬರ ಜಾಕೆಟ್ಟು ತೊಟ್ಟು, ಇನ್ನೊಂದಕ್ಕೆ ಟಾಕು ಹಾಕುತ್ತಿದ್ದಾರೆ. ಚಳಿ ಮುಗಿಯಲು ಇನ್ನೂ ಎರಡು ತಿಂಗಳಿದೆ, ಇಪ್ಪತ್ತಮೂರು ಜನ ಕಾಯುತ್ತಿದ್ದಾರೆ. ನಿಮಗೇನಾದರೂ ಬೇಕೇ, ಪತ್ರಿಕೆಯಲ್ಲಿ ಬರೆದರೆ ಯಾರಾದರೂ ಸಹಾಯ ಮಾಡಬಹುದು, ಅಂಗಡಿಗೊಂದು ಜಾಗ, ಒಂದು ಹೊಸ ಯಂತ್ರ ಎಂದು ಕೇಳಿದರೆ, ಸೂ‍ಜಿಗೆ ದಾರ ಪೋಣಿಸಿ ತುದಿಗೆ ಗಂಟು ಹಾಕುತ್ತಾರೆ.

"ಯಂತ್ರ ಚೆನ್ನಾಗೇ ಇದೆ" ಎನ್ನುತ್ತಾರೆ. "ನಾಳೆನೂ ಬೈಯ್ಲಿ. ಅಷ್ಟು ಸಾಕು."